ಗುರ್ ಅಂದಾಗಲೆಲ್ಲ ಹೊಡೆದೆವು: ರಾಟ್‌ವೈಲರ್ ತರಲು ಹೊರಟವರಿಗೆ ಒಂದು ಎಚ್ಚರಿಕೆ

ನಾಯಿ ಗುರ್ ಅಂದರೆ ಹೊಡೆಯಬೇಡಿ. ಟೈಮ್ ಇಲ್ಲದವರು ಇಷ್ಟು ಓದಿಕೊಂಡು ಹೋದರೂ ಸಾಕು. ಮೊಬೈಲಿನಲ್ಲಿ ರಾಟ್‌ವೈಲರ್ ಮರಿಯ ವಿಡಿಯೋ ನೋಡಿ ಅಡ್ವಾನ್ಸ್ ಹಾಕಲು ಹೊರಟಿದ್ದೀರಾ? ಹಾಗಾದರೆ ಪೂರ್ತಿ ಓದಿ.

ನಮ್ಮದು ಬಳ್ಳಾರಿ. ಮನೆಯ ಕೆಳಗೇ ಜೀನ್ಸ್ ಹೊಲಿಯುವ ಚಿಕ್ಕ ಯೂನಿಟ್ ಇದೆ. ಎಂಟು ಮಷಿನ್, ದಾರ ಕತ್ತರಿಸಲು ನಾಲ್ಕು ಜನ ಹೆಣ್ಣುಮಕ್ಕಳು. 2024ರಲ್ಲಿ ಪಕ್ಕದ ಬೀದಿಯ ಯೂನಿಟ್‌ಗೆ ಕಳ್ಳರು ನುಗ್ಗಿದರು. ಮಷಿನ್ ಮೋಟಾರು, ಬಟ್ಟೆಯ ಥಾನು, ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಹೋದರು. ಕ್ಯಾಮೆರಾ ಹಾಕಿಸು ಅಂದರು ಕೆಲವರು. ನನಗೆ ನಾಯಿ ಬೇಕಿತ್ತು. ನಿಜ ಹೇಳಬೇಕೆಂದರೆ ಕಾವಲಿಗಿಂತ ಶೋಕಿ ಜಾಸ್ತಿ. ಗೇಟಿನ ಹತ್ತಿರ ಕರಿ ರಾಟ್‌ವೈಲರ್ ನಿಂತಿದ್ದರೆ ಆ ಗತ್ತೇ ಬೇರೆ ಅಲ್ವಾ.

ನಮ್ಮ ಮನೆಗೆ ದಿನಕ್ಕೆ ಇಪ್ಪತ್ತು ಜನ ಬಂದು ಹೋಗುತ್ತಾರೆ. ಟೈಲರ್‌ಗಳು, ವಾಷಿಂಗ್‌ನಿಂದ ಪ್ಯಾಂಟ್ ತರುವ ಆಟೋ, ಗುಂಡಿ ಜಿಪ್ಪು ಕೊಡಲು ಬರುವ ಅಂಗಡಿ ಹುಡುಗ. ಹೊಸಬರನ್ನು ಕಂಡರೆ ತಡೆದು ನಿಲ್ಲುವ ನಾಯಿಗೆ ಇಲ್ಲಿ ಏನು ಕೆಲಸ ಅನ್ನುವ ಯೋಚನೆ ಆಗ ಬರಲೇ ಇಲ್ಲ. ಸಂತೆಯ ನಡುವೆ ಕಾವಲು ನಾಯಿ ಕಟ್ಟಿದ ಹಾಗೆ.

ಮಾರಿದವನು ಬೆಂಗಳೂರಿನವನು. ಮಾತೆಲ್ಲ ವಾಟ್ಸಾಪ್‌ನಲ್ಲೇ. ಆ ವರ್ಷ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೈಲರ್, ಪಿಟ್‌ಬುಲ್, ಕೇನ್ ಕೊರ್ಸೊ ಸೇರಿ 23 ತಳಿಗಳ ಮಾರಾಟ, ಸಾಕಣೆ ತಡೆಯಿರಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಅಂತ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಇದನ್ನೇ ಅವನು ವ್ಯಾಪಾರ ಮಾಡಿಕೊಂಡ. "ಕೋರ್ಟ್ ಕ್ಲಿಯರ್ ಮಾಡಿದೆ ಸರ್, ಭಯ ಬೇಡ. ಮತ್ತೆ ಬ್ಯಾನ್ ಆಗೋ ಮೊದಲು ತಗೊಂಡುಬಿಡಿ" ಅಂದ. 25 ಸಾವಿರ ಕೊಟ್ಟೆ. ಪೇಪರ್ ಆಮೇಲೆ ಬರುತ್ತೆ ಅಂದಿದ್ದ. ಇವತ್ತಿಗೂ ಬಂದಿಲ್ಲ.

ಮರಿ ಬಂದಾಗ ಅದಕ್ಕೆ 36 ದಿನ. ಸಣ್ಣದಿದ್ದಾಗಲೇ ತಂದರೆ ಹಚ್ಚಿಕೊಳ್ಳುತ್ತದೆ ಅಂತ ನಾನೂ ಖುಷಿಪಟ್ಟೆ. ಆದರೆ ನಾಯಿ ಮರಿ ಮಾಡಿಸಿ ಮಾರುವವರಿಗೆ 2017ರ ಕೇಂದ್ರದ ನಿಯಮವಿದೆ. 8 ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಮಾರುವವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುವಾಗಲೇ ಮರಿಗೆ ಹಲ್ಲು ಎಷ್ಟು ಊರಬೇಕು ಅನ್ನುವ ಅಂದಾಜು ಸಿಗುವುದು. ನಮ್ಮದಕ್ಕೆ ಆ ಪಾಠ ಅರ್ಧಕ್ಕೇ ನಿಂತಿತ್ತು.

ಮಗ ಬ್ರೂನೋ ಅಂತ ಹೆಸರಿಟ್ಟ. ಅವ್ವನ ಬಾಯಲ್ಲಿ ಅದು ಬೂನಪ್ಪ ಆಯಿತು. ಮೊದಲ ಆರು ತಿಂಗಳು ಮನೆ ತುಂಬ ಅದರದೇ ಆಟ. ದಾರದ ಉಂಡೆ ಕಚ್ಚಿಕೊಂಡು ಓಡುವುದು, ಹೆಣ್ಣುಮಕ್ಕಳು ಬೈಯುವುದು. ಬೆಳಿಗ್ಗೆ ಸಂಜೆ ಮಗ ಸುತ್ತಾಡಿಸಿಕೊಂಡು ಬರುತ್ತಿದ್ದ. ಅವನಿಗೆ ಪಿಯು ಪರೀಕ್ಷೆ ಹತ್ತಿರ ಬಂತು, ಸುತ್ತಾಟ ನಿಂತಿತು. ಬ್ರೂನೋ ಚಪ್ಪಲಿ ಬಿಟ್ಟು ಪ್ಯಾಂಟಿನ ಗಂಟುಗಳನ್ನೇ ಹರಿಯತೊಡಗಿದ. ಎಂಟು ತಿಂಗಳಿಗೆ ಅವನ ಎಳೆತಕ್ಕೆ ನನ್ನ ಕೈಯೇ ಸಾಲುತ್ತಿರಲಿಲ್ಲ. ಬೆಳೆದ ಗಂಡು ರಾಟ್‌ವೈಲರ್ 50 ಕೆಜಿ ದಾಟುವುದೂ ಉಂಟು. 25 ಕೆಜಿಯ ಎರಡು ಅಕ್ಕಿ ಚೀಲ ನಿಮ್ಮನ್ನು ಎಳೆದುಕೊಂಡು ಓಡಿದರೆ ಹೇಗಿರುತ್ತದೆ ನೋಡಿ.

ಯಾರೋ ಹೇಳಿದರು ಅಂತ ಟ್ರೈನರ್ ಒಬ್ಬನ ಹತ್ತಿರ ಒಂದು ತಿಂಗಳು ಬಿಟ್ಟೆ. 15 ಸಾವಿರ ಫೀಸು. ವಿಡಿಯೋ ಕಳಿಸುತ್ತಿದ್ದ. ಕೈಗೆ ಗೋಣಿಚೀಲ ಸುತ್ತಿಕೊಂಡು "ಛೂ" ಅನ್ನುವುದು, ಬ್ರೂನೋ ಹಾರಿ ಹಿಡಿಯುವುದು. ಅದನ್ನು ನಾನು ಸ್ಟೇಟಸ್ ಹಾಕಿಕೊಂಡೆ! ಹಿಡಿ ಅನ್ನುವುದನ್ನು ಕಲಿಸಿದ್ದ. ಬಿಡು ಅನ್ನುವುದನ್ನು ಕಲಿಸಿಯೇ ಇರಲಿಲ್ಲ. ಅದು ಗೊತ್ತಾಗಿದ್ದು ಯಾವಾಗ ಅಂತ ಮುಂದೆ ಹೇಳುತ್ತೇನೆ. ಕಳಿಸುವಾಗ ಕೊರಳಿಗೆ ಅಗಲವಾದ ನೈಲಾನ್ ಬೆಲ್ಟ್ ಬಿಗಿದಿದ್ದ. ಇದನ್ನು ತೆಗೀಬೇಡಿ, ಇದೇ ಕಂಟ್ರೋಲ್ ಅಂದಿದ್ದ.

ವಾಪಸ್ ಬಂದದ್ದು ಏಪ್ರಿಲ್‌ನಲ್ಲಿ. ಬಳ್ಳಾರಿಗೆ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ನಗುತ್ತೇವಲ್ಲ. ಆ ಬಿಸಿಲಲ್ಲಿ ಬೇವಿನ ಮರಕ್ಕೆ ಚೈನು ಹಾಕಿ ಕಟ್ಟಿದೆವು. ಹಗಲೆಲ್ಲ ಕಾದ ಸಿಮೆಂಟಿನ ಮೇಲೆ ನಾಲಿಗೆ ಚಾಚಿಕೊಂಡು ಕೂತಿರುತ್ತಿದ್ದ. ರಾತ್ರಿ ಕಾಂಪೌಂಡಿನೊಳಗೆ ಬಿಡುವುದು, ಅಷ್ಟೇ. ಜೂನ್ ಹೊತ್ತಿಗೆ ಹೊಸ ಚಾಳಿ ಶುರುವಾಯಿತು. ಚೈನು ಹಾಕಲು ಕೊರಳ ಹತ್ತಿರ ಕೈ ತಂದರೆ ಗುರ್ ಅನ್ನುತ್ತಿದ್ದ. ಯಜಮಾನನ ಮೇಲೇ ಗುರ್ ಅನ್ನೋದಾ? ಮೊದಲ ಸಲವೇ ಬಿಡಿಸಬೇಕು ಅಂತ ಟ್ರೈನರ್ ಫೋನಿನಲ್ಲೇ ಹೇಳಿಕೊಟ್ಟ. ಪೈಪಿನಿಂದ ಮೂತಿಗೆ ಹೊಡೆದೆ. ಒಂದು ಸಲವಲ್ಲ. "ಅದಕ್ಕೇನೋ ಆಗೈತೆ, ಹೊಡೀಬ್ಯಾಡೋ" ಅಂದಳು ಅವ್ವ. ನಾನು ಕೇಳಲಿಲ್ಲ. ಎರಡು ತಿಂಗಳಲ್ಲಿ ಗುರ್ ಅನ್ನುವುದು ಪೂರ್ತಿ ನಿಂತಿತು. ದಾರಿಗೆ ಬಂದ ಅಂದುಕೊಂಡೆ. ಆಗಸ್ಟ್‌ನಲ್ಲಿ ಮಗ ಬೆಂಗಳೂರಿನ ಕಾಲೇಜಿಗೆ ಹೋದ. ಅಲ್ಲಿಗೆ ಅದರ ಮೈ ಮುಟ್ಟುವವರೇ ಇಲ್ಲವಾದರು. ಅವ್ವ ದೂರದಿಂದ ತಾಟು ಸರಿಸುತ್ತಿದ್ದಳು.

ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ, ಮೂರೂವರೆ ಇರಬಹುದು. ವಾಷಿಂಗ್‌ನಿಂದ ಗಂಟು ತಂದ ಆಟೋ ಭಾಯ್ ಬೇವಿನ ಮರದ ಹತ್ತಿರ ನಿಂತರು. ಅವರಿಗೂ ಬ್ರೂನೋಗೂ ಮರಿಯಿಂದಲೇ ದೋಸ್ತಿ. ಅವರ ಟೀ ಬಿಸ್ಕತ್ತಿನಲ್ಲಿ ಒಂದು ಅವನಿಗೇ. ಅವತ್ತೂ "ಕ್ಯಾ ಬೇಟಾ" ಅಂತ ಕೊರಳು ಕೆರೆಯಲು ಕೈ ಹಾಕಿದರು. ನಾನು ಹತ್ತು ಅಡಿ ದೂರದಲ್ಲಿ ಗಂಟು ಎಣಿಸುತ್ತಿದ್ದೆ. ಬ್ರೂನೋ ಬೊಗಳಲಿಲ್ಲ, ಗುರ್ ಅನ್ನಲಿಲ್ಲ. ತೇಕುತ್ತಿದ್ದ ಬಾಯಿ ತಟಕ್ಕನೆ ಮುಚ್ಚಿತು. ಮೈ ಬಿಗಿಯಾಯಿತು. ಕಣ್ಣಿನ ಬಿಳಿ ಕಂಡಿತು. ಇಷ್ಟನ್ನು ನಾನು ನೋಡಿದ್ದೇನೆ, ಅರ್ಥವಾಗಲಿಲ್ಲ. ಮರುಕ್ಷಣ ಭಾಯ್ ಮುಂಗೈ ಅದರ ಬಾಯೊಳಗಿತ್ತು.

ಬಿಡು, ಬಿಡು ಅಂತ ಕಿರುಚಿದೆ. ಅದಕ್ಕೆ ಗೊತ್ತಿದ್ದರೆ ತಾನೆ ಬಿಡಲು? ಅವ್ವ ಬಕೆಟ್ ನೀರು ತಂದು ಮುಖಕ್ಕೆ ಎರಚಿದಳು. ಆಗ ಬಿಟ್ಟ.

ಒಬ್ಬರು ಅರಿಶಿನ ಅಂದರು, ಇನ್ನೊಬ್ಬರು ಖಾರದ ಪುಡಿ ಅಂದರು. ದಾರ ಕತ್ತರಿಸುವ ಹುಡುಗಿಯೊಬ್ಬಳು ಯಾರ ಮಾತೂ ಕೇಳದೆ ಭಾಯ್ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತೊಳೆಯುತ್ತಲೇ ನಿಂತಳು. ಮಾಡಬೇಕಾದ್ದು ಅದೇ, 15 ನಿಮಿಷ ಹರಿಯುವ ನೀರು ಮತ್ತು ಸೋಪು, ಆಮೇಲೆ ಸೀದಾ ಆಸ್ಪತ್ರೆ. ಅಲ್ಲಿ ಡಾಕ್ಟರ್ ಮೊದಲು ಕೇಳಿದ್ದು, ನಾಯಿಗೆ ರೇಬೀಸ್ ಲಸಿಕೆ ಆಗಿದೆಯಾ ಅಂತ. ಮರಿಯಿದ್ದಾಗ ಒಂದು ಸಲ ಹಾಕಿಸಿದ್ದೆ. ವರ್ಷದ ಬೂಸ್ಟರ್ ಮರೆತಿದ್ದೆ. ತಲೆ ಎತ್ತಲಾಗಲಿಲ್ಲ. ಗಾಯಕ್ಕೆ ಕೂಡಲೇ ಹೊಲಿಗೆ ಹಾಕಲಿಲ್ಲ. ಗಾಯದೊಳಗೇ ಸುತ್ತಲೂ ಸೂಜಿ ಚುಚ್ಚಿ ಇಮ್ಯುನೋಗ್ಲೋಬುಲಿನ್, ಅಂದರೆ ರೇಬೀಸ್ ವೈರಸ್ಸನ್ನು ಅಲ್ಲೇ ತಡೆಯುವ ಔಷಧಿ ಕೊಟ್ಟರು. ಭಾಯ್ ಹಲ್ಲು ಕಚ್ಚಿಕೊಂಡು ಕೂತಿದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಆಮೇಲೆ ದಿನ ಲೆಕ್ಕ ಹಾಕಿ ಲಸಿಕೆ. ನಾಯಿಯನ್ನು 10 ದಿನ ಕಟ್ಟಿಹಾಕಿ ಗಮನಿಸಿ ಅಂದರು.

ಅವರು ಪೊಲೀಸ್ ಕಂಪ್ಲೇಂಟ್ ಕೊಡಲಿಲ್ಲ. ಕೊಟ್ಟಿದ್ದರೆ ತಪ್ಪಿರಲಿಲ್ಲ. ಸಾಕಿದ ಪ್ರಾಣಿಯಿಂದ ಜನಕ್ಕೆ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಔಷಧಿ ಖರ್ಚು, ಆಟೋ ನಿಂತ ಒಂದು ತಿಂಗಳ ದುಡಿಮೆ ನಾನು ಕೊಟ್ಟೆ. ಎರಡು ಬೆರಳು ಇನ್ನೂ ಸರಿಯಾಗಿ ಮಡಚಲು ಬರುವುದಿಲ್ಲ. ಅದಕ್ಕೆ ಏನು ಕೊಡಲಿ?

ಹತ್ತು ದಿನ ಕಳೆದ ಮೇಲೆ ಪಶು ಡಾಕ್ಟರ್ ಬಂದರು. ಕೊಂದುಬಿಡಿ ಅಂತ ಹೇಳಲು ನಾನು ತಯಾರಾಗಿದ್ದೆ. ಅವರು ಮಂಪರು ಇಂಜೆಕ್ಷನ್ ಕೊಟ್ಟು ಕೊರಳ ಕೂದಲು ಸರಿಸಿದರು. ಗಬ್ಬು ವಾಸನೆ ಬಂತು. ಹತ್ತು ತಿಂಗಳ ಮರಿಗೆ ಬಿಗಿದ ಬೆಲ್ಟು ಹದಿನೈದು ತಿಂಗಳ ನಾಯಿಯ ಕೊರಳಲ್ಲಿ ಹಾಗೇ ಇತ್ತು. ಅದರ ಅಂಚು ಚರ್ಮದೊಳಗೆ ಹೂತುಹೋಗಿತ್ತು, ಸುತ್ತಲೂ ಕೀವು. ಕತ್ತರಿಯಲ್ಲಿ ಕತ್ತರಿಸಿ ಮೆಲ್ಲಗೆ ಬಿಡಿಸಿದರು. "ನೋವಾಗ್ತಿದೆ, ಮುಟ್ಟಬೇಡ ಅಂತ ಅದು ಜೂನ್‌ನಿಂದ ಹೇಳ್ತಾ ಇತ್ತು. ನೀವು ಹೇಳೋದನ್ನು ಬಿಡಿಸಿದ್ರಿ, ನೋವನ್ನಲ್ಲ" ಅಂದರು.

ಬೆಲ್ಟಿನ ಕೆಳಗೆ ಎರಡು ಬೆರಳು ಸಲೀಸಾಗಿ ಆಡಬೇಕಂತೆ. ಬೆಳೆಯುವ ನಾಯಿಯಲ್ಲಿ ಇದನ್ನು ವಾರ ವಾರ ನೋಡಬೇಕು. ಅವರಿಂದಲೇ ಇನ್ನೂ ಕೆಲವು ತಿಳಿದವು. ರಾಟ್‌ವೈಲರ್ ಅಂದರೆ ಹುಟ್ಟಾ ಕ್ರೂರಿ ಅಂದುಕೊಂಡಿದ್ದೆ. ಜರ್ಮನಿಯ ರಾಟ್‌ವೈಲ್ ಊರಿನಲ್ಲಿ ದನ ಹೊಡೆದುಕೊಂಡು ಹೋಗಲು, ಕಟುಕರ ಗಾಡಿ ಎಳೆಯಲು ಇಟ್ಟುಕೊಂಡಿದ್ದ ನಾಯಿ ಅದು. ದಿನವಿಡೀ ಯಜಮಾನನ ಜೊತೆ ದುಡಿದ ತಳಿ. ಅದನ್ನು ಒಂಟಿಯಾಗಿ ಮರಕ್ಕೆ ಕಟ್ಟಿದರೆ ಅದಕ್ಕೆ ಎಲ್ಲರ ಮೇಲೂ ಅನುಮಾನ ಬೆಳೆಯುತ್ತದೆ. ಸುಮಾರು 3ರಿಂದ 14 ವಾರದೊಳಗೆ ಬಗೆಬಗೆಯ ಜನ, ಮಕ್ಕಳು, ಆಟೋ, ಮಷಿನ್ ಸದ್ದು ಎಲ್ಲ ರೂಢಿಯಾಗಬೇಕು. ಆ ಕಾಲದಲ್ಲಿ ನಮ್ಮ ಬ್ರೂನೋ ಚೆನ್ನಾಗಿಯೇ ಇದ್ದ. ಕೆಡಿಸಿದ್ದು ಆಮೇಲೆ, ನಾನು ಮತ್ತು ಆ ಟ್ರೈನರ್. ಮನೆ ನಾಯಿಗೆ ಛೂ ಕಲಿಸುತ್ತೇನೆ ಅನ್ನುವವನ ಹತ್ತಿರ ದಯವಿಟ್ಟು ಹೋಗಬೇಡಿ. ಅಷ್ಟು ದೊಡ್ಡ ನಾಯಿ ಬರೀ ಬೊಗಳಿದರೇ ಕಳ್ಳ ಹೆದರಿ ಓಡುತ್ತಾನೆ.

ನಾಯಿಯನ್ನು ಫ್ರೀ ಕೊಡ್ತೀರಾ ಅಂತ ಐದಾರು ಜನ ಕೇಳಿದರು. ಸಿರುಗುಪ್ಪ ಕಡೆಯವರೊಬ್ಬರು ಗದ್ದೆಯ ಶೆಡ್ಡಿಗೆ ಕಟ್ಟುತ್ತೇನೆ ಅಂದರು. ಮತ್ತೆ ಅದೇ ಚೈನು, ಅದೇ ಬಿಸಿಲು. ಕಚ್ಚಿದ ವಿಷಯ ಹೇಳಿದರೆ ಅವರು ಇನ್ನೂ ಖುಷಿಪಟ್ಟರು. ನಾನು ಕೊಡಲಿಲ್ಲ.

ಈಗ ಯೂನಿಟ್ ನಡೆಯುವ ಹೊತ್ತಿನಲ್ಲಿ ಬ್ರೂನೋ ಹಿತ್ತಲ ಕೋಣೆಯಲ್ಲಿ ಇರುತ್ತಾನೆ. ಫ್ಯಾನ್ ಇದೆ, ಬಾಗಿಲಿಗೆ ಎರಡು ಚಿಲಕ. ಬೆಳಿಗ್ಗೆ ಐದಕ್ಕೆ ಒಂದು ಗಂಟೆ ನಡಿಗೆ, ಮೂತಿಗೆ ಎತ್ತಿನ ಕುಕ್ಕೆಯ ಥರದ್ದೊಂದು ಹಾಕಿರುತ್ತೇನೆ. ಬಾಯಿ ತೆಗೆದು ತೇಕಲು ಜಾಗವಿರುವ ಬುಟ್ಟಿಯಂಥದ್ದು. ಬಾಯಿ ಬಿಗಿಯುವ ಪಟ್ಟಿ ನಮ್ಮೂರ ಸೆಕೆಗೆ ಆಗದು. ಬಿಡು ಅನ್ನುವುದನ್ನು ಕಲಿಸಲು ಮೂರು ತಿಂಗಳು ಹಿಡಿಯಿತು. ಮೊನ್ನೆ ಉಗುರು ಕತ್ತರಿಸುವಾಗ ಮತ್ತೆ ಗುರ್ ಅಂದ. ಕತ್ತರಿ ಕೆಳಗಿಟ್ಟೆ. ಅವ್ವ ಬಾಗಿಲಿಂದಲೇ "ಬೂನಪ್ಪ ಮಾತಾಡ್ದ" ಅಂದಳು.

ಆಟೋ ಭಾಯ್ ಈಗಲೂ ನಮ್ಮ ಗಂಟು ತರುತ್ತಾರೆ. ಆದರೆ ಗೇಟಿನ ಒಳಗೆ ಬರುವುದಿಲ್ಲ. ರಸ್ತೆಯಲ್ಲೇ ನಿಂತು ಎರಡು ಸಲ ಹಾರನ್ ಹೊಡೆಯುತ್ತಾರೆ, ನಾನೇ ಹೋಗಿ ಇಳಿಸಿಕೊಳ್ಳುತ್ತೇನೆ.