ಹನಿ ನೀರಾವರಿ, ಕೃಷಿ ಹೊಂಡದ ಸಹಾಯಧನ: ಎಲ್ಲಿ ವಿಚಾರಿಸೋದು?

ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಕಚೇರಿ, ಇಲ್ಲವೇ ಮೊಬೈಲ್‌ನಲ್ಲೇ ಆನ್‌ಲೈನ್. ಯಾವುದು ಅಂತ ಕೇಳಿದ್ದೀರಿ.

ಮೊದಲು ಬೆಳೆ ನೋಡಿ. ರಾಗಿ, ಜೋಳ, ತೊಗರಿಗೆ ಸಂಪರ್ಕ ಕೇಂದ್ರ. ಅಡಿಕೆ, ಮಾವು, ತರಕಾರಿಗೆ ತೋಟಗಾರಿಕೆ. ಹನಿ ನೀರಾವರಿ ಎರಡೂ ಕಡೆ ಇದೆ, ಅದಕ್ಕೇ ಜನ ಸುಮ್ನೆ ಅಲೆಯುತ್ತಾರೆ. ಕೃಷಿ ಭಾಗ್ಯ ಅನ್ನೋ ರಾಜ್ಯ ಸರ್ಕಾರದ ಯೋಜನೆಯ ಹೊಂಡ ಬೇಕಿದ್ದರೆ ಸಂಪರ್ಕ ಕೇಂದ್ರವೇ.

ಓಡಾಟದ ಖರ್ಚು ಹೋಬಳಿಗೆ ಕಮ್ಮಿ. ಮೊಬೈಲ್‌ನಲ್ಲಿ ಅದೂ ಇಲ್ಲ, ಆದರೆ ಈ ವರ್ಷದ ಅನುದಾನ ಮುಗಿದಿದೆಯಾ ಅಂತ ತಿಳಿಯೋದು ಕಷ್ಟ. ಕೌಂಟರ್‌ನಲ್ಲಿ ಕೇಳಿದರೆ ಆಯ್ತು.

ಎಲ್ಲೇ ಹೋದರೂ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಕೇಳುತ್ತಾರೆ. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಸದ್ಯಕ್ಕೆ ಈ ಮೂರೂ ಬೇಡ. ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದಕ್ಕೆ) ನಾಡಕಚೇರಿಯಲ್ಲಿ ಮೊದಲು ವಿಚಾರಿಸಿ. ದಾಖಲೆ ಸರಿಯಿದ್ದು, ಊರಿಂದ ದೂರ ಇರುವವರಿಗೆ ಮಾತ್ರ ಮೊಬೈಲ್ ಜಾಸ್ತಿ ಅನುಕೂಲ.