ಪೋರ್ಶೆ 993ಆ, ಕೇಮನ್ ಜಿಟಿ4ಆ?
ಎರಡೂ ಪೋರ್ಶೆಯ ಸ್ಪೋರ್ಟ್ಸ್ ಕಾರುಗಳೇ; 993 ಅಂದರೆ ಅದರ 911 ಮಾಡೆಲ್‌ನ ಒಂದು ಹಳೆಯ ತಲೆಮಾರು. ಕಾಗದದ ಮೇಲೆ ನೋಡಿದರೆ ಸ್ಪರ್ಧೆಯೇ ಇಲ್ಲ. 718 ಕೇಮನ್ ಜಿಟಿ4ಗೆ 4 ಲೀಟರ್ ಎಂಜಿನ್, 420 ಕುದುರೆಶಕ್ತಿ. 1998ರಲ್ಲಿ ನಿಂತುಹೋದ 993ಕ್ಕೆ 3.6 ಲೀಟರ್, ಶುರುವಿನಲ್ಲಿ ಬರೀ 272. ಆದರೆ ಗಾಳಿಯಿಂದ ತಣ್ಣಗಾಗುವ ಎಂಜಿನ್ ಇದ್ದ ಕೊನೆಯ 911 ಇದೇ ಅಲ್ವಾ, ಹಿಂದಿನಿಂದ ಬರುವ ಆ ಒರಟು ಸದ್ದು ಹೊಸದರಲ್ಲಿ ಎಷ್ಟು ದುಡ್ಡು ಸುರಿದರೂ ಸಿಗುವುದಿಲ್ಲ. ಮೈಯೂ ಸಣ್ಣದು, ಕಿರಿದಾದ ರಸ್ತೆಯಲ್ಲಿ ಆರಾಮ. ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದಿದೆ, ಹಾಗಾಗಿ ತಿರುವಿನಲ್ಲಿ ತಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಬಾಲ ಬೀಸೀತು, ಹುಷಾರು. ಕೇಮನ್‌ನಲ್ಲಿ ಎಂಜಿನ್ ನಡುವೆ ಇದೆ, ಭಯ ಕಡಿಮೆ. ಅದರ ಮ್ಯಾನುಯಲ್ ಗೇರ್‌ಗಳು ಮಾತ್ರ ಸಿಕ್ಕಾಪಟ್ಟೆ ಉದ್ದ: ಎರಡನೇ ಗೇರ್‌ನಲ್ಲೇ ವೇಗ ಗಂಟೆಗೆ 120 ಕಿ.ಮೀ. ದಾಟುತ್ತದೆ! ಟ್ರ್ಯಾಕ್‌ಗೆ ಹೋಗುವವರು ಜಿಟಿ4 ತಗೊಳ್ಳಿ. ಭಾನುವಾರದ ಓಡಾಟಕ್ಕೆ ನನ್ನ ಓಟು 993ಕ್ಕೆ, ಆದರೆ ಆಯಿಲ್ ಸೋರುತ್ತಿದೆಯಾ ಅಂತ ಕೆಳಗೆ ಬಗ್ಗಿ ನೋಡಿಯೇ ದುಡ್ಡು ಕೊಡಿ.