ಕ್ವಾಂಟಮ್ ಕಂಪ್ಯೂಟಿಂಗ್ ಸಂಶೋಧನೆ: ಲ್ಯಾಬ್ ಹಿಡಿಯಬೇಕಾ, ಥಿಯರಿಯಾ?

ಶಿರಸಿಯಲ್ಲಿ ಬಿಎಸ್ಸಿ ಮುಗಿಸಿದ ನನ್ನ ತಂಗಿ ಕೇಳಿದ ಪ್ರಶ್ನೆ ಇದು. ಲ್ಯಾಬ್ ಅಂದರೆ, ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ (ತುಂಬಾ ತಣ್ಣಗಾದಾಗ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ಲೋಹದಿಂದ ಮಾಡಿದ, ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕ) ಇರುವ ಚಿಪ್ಪನ್ನು ಮೈನಸ್ 273 ಡಿಗ್ರಿ ಹತ್ತಿರಕ್ಕೆ ತಣ್ಣಗಾಗಿಸಿ, ಮೈಕ್ರೋವೇವ್ ಪಲ್ಸ್ ಕಳಿಸಿ ಅಳೆಯುವುದು. ಇದಕ್ಕೆಂದೇ ಇರುವ ವಿಶೇಷ ಫ್ರಿಡ್ಜ್ ಅಷ್ಟು ತಣ್ಣಗಾಗಲಿಕ್ಕೇ ಒಂದೆರಡು ದಿನ ಬೇಕು, ಒಳಗೆ ಒಂದು ಕೇಬಲ್ ಸಡಿಲ ಇದ್ದರೂ ಮತ್ತೆ ಬಿಸಿಗೆ ತಂದು, ಬಿಚ್ಚಿ, ಸರಿಮಾಡಿ ಮೊದಲಿಂದ ಶುರು. ಮೋಡ ಕಂಡ ಕೂಡಲೇ ಅಂಗಳದ ಅಡಿಕೆ ಬಾಚಿ, ಬಿಸಿಲು ಬಂದಾಗ ಮತ್ತೆ ಹರಡುತ್ತೇವಲ್ವಾ, ಆ ತಾಳ್ಮೆ ಬೇಕು. ಊರಲ್ಲಿ ಕೂತು ಇದು ಆಗುವುದಿಲ್ಲ. ಬೆಂಗಳೂರಿನ ಐಐಎಸ್‌ಸಿ, ಮುಂಬೈನ ಟಿಐಎಫ್‌ಆರ್‌ನಂಥ ಸಂಶೋಧನಾ ಸಂಸ್ಥೆಗಳಿಗೆ ಹೋಗಬೇಕು.

ಥಿಯರಿಗೆ ಪೆನ್ನು, ಪೇಪರ್, ಗಟ್ಟಿ ಲೀನಿಯರ್ ಆಲ್ಜೀಬ್ರಾ (ವೆಕ್ಟರ್, ಮ್ಯಾಟ್ರಿಕ್ಸ್‌ಗಳ ಗಣಿತ) ಬೇಕು. ಕ್ವಾಂಟಮ್ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಕ್ವಿಸ್ಕಿಟ್ ಉಚಿತ, ಇವತ್ತೇ ಮನೆಯಲ್ಲೇ ಶುರುಮಾಡಬಹುದು. ಪಿಎಚ್‌ಡಿ ಮಾತ್ರ ಎರಡಕ್ಕೂ ಬೇಕು. ಕೆಟ್ಟ ಮಿಕ್ಸಿ ಕಂಡರೆ ಬಿಚ್ಚಿ ನೋಡುವ ಹುಡುಗಿ ಅವಳು, ಅದಕ್ಕೇ ಲ್ಯಾಬ್ ಹಿಡಿ ಅಂದೆ.